ಕತ್ತರಿಸಿದ ಕೇರಿ

ಎರಡು ಸಾವಿರದ ದಶಕದಲ್ಲಿ ನಾನು ಕತಾರ್‌ನ ರಾಜಧಾನಿ ದೋಹಾದ ಅಲ್ ಜದೀದಾ ಬಡಾವಣೆಯ ಒಂದು ವಿಡಿಯೊ ಸ್ಟುಡಿಯೊದಲ್ಲಿ ಎಡಿಟರ್ ಆಗಿದ್ದೆ. ಹತ್ತಿರದ ಹಳೇ ಕೇರಿಯೊಂದನ್ನು ಆಗ ಬುಲ್ಡೋಜರ್‌ಗಳು ಕೆಡವುತ್ತಿದ್ದವು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಬಾಳಿದ ಕೇರಿ ಅದು.

ನಮ್ಮ ಸ್ಟುಡಿಯೊ ಹಳೆಯ ದೋಹಾದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದೆ ಎಂದು ತಿಳಿದು, ಆ ಕೇರಿಯ ಹಿರಿಯರೊಬ್ಬರು ರೀಲುಗಳನ್ನು ತಂದುಕೊಟ್ಟರು. ಎಣ್ಣೆ ಕಂಪನಿಯಲ್ಲಿದ್ದ ಅವರ ಅಣ್ಣ ಪುಟ್ಟ ಕ್ಯಾಮೆರಾದಲ್ಲಿ ತೆಗೆದದ್ದು. ಹಳೆಯ ಫಿಲ್ಮು ವಿನೆಗರ್‌ನಂತೆ ನಾರುತ್ತಿತ್ತು. ನಾನು ಒರೆಸಿ, ಪ್ರೊಜೆಕ್ಟರ್‌ನಿಂದ ಗೋಡೆಯ ಮೇಲೆ ಬಿಟ್ಟು, ಟೇಪಿಗೆ ಇಳಿಸಿಕೊಂಡೆ. ಪಕ್ಕದಲ್ಲೇ ಕೂತ ಅವರು ಹರಕುಮುರುಕು ಹಿಂದಿಯಲ್ಲಿ ಹೇಳುತ್ತಿದ್ದರು: "ನೋಡು, ಡೋಲು ಹಿಡಿದವಳು ನನ್ನ ಉಮ್ಮಿ, ನನ್ನ ತಾಯಿ. ಅವಳು ಬಾರಿಸದೆ ಈ ಬೀದಿಯಲ್ಲಿ ಮದುವೆಯೇ ಆಗುತ್ತಿರಲಿಲ್ಲ." ಫಿಲ್ಮಿನಲ್ಲಿ ಶಬ್ದವಿರಲಿಲ್ಲ. ಮೇಜಿನ ಮೇಲೆ ಅವರೇ ತಾಳ ಹಾಕಿದರು.

ನಮ್ಮ ಮ್ಯಾನೇಜರ್ ಮಂಗಳೂರಿನವರು. ನೋಡಿದವರೇ ಮುಖ ಸಿಂಡರಿಸಿದರು.

"ಬಾಗಿಲು, ಗೋಡೆ ಇಡಿ. ಈ ಕರಿಯರ ಕುಣಿತ ಎಂತಕ್ಕೆ ಮಾರಾಯ್ತಿ? ಕ್ಲೈಂಟಿಗೆ ಬೇಕಾದ್ದು ಹೆರಿಟೇಜ್."

"ಕ್ಲೈಂಟ್ ಹಾಗೆ ಹೇಳಿದ್ದಾರಾ ಸರ್?"

"ಹೇಳುವುದೆಂತ? ನಮಗೇ ಗೊತ್ತಾಗ್ಬೇಕು. ಕಟ್ ಮಾಡಿ, ಖಲಾಸ್."

ಕತ್ತರಿಸಿ ಎಂದು ಯಾರೂ ಕೇಳಿರಲಿಲ್ಲ! ಊರಲ್ಲಿ ಯಾರನ್ನು ಅಂಗಳದಾಚೆ ನಿಲ್ಲಿಸಬೇಕೆಂದು ಕಲಿತದ್ದನ್ನು ಸಮುದ್ರ ದಾಟಿಸಿ ತಂದಿದ್ದ ಮನುಷ್ಯ. ನಾನು ಕತ್ತರಿಸುವುದಿಲ್ಲ ಎಂದೆ. ಬೇರೊಬ್ಬ ಎಡಿಟರ್ ಕೈಯಲ್ಲಿ ಮಾಡಿಸಿದರು.

ಪ್ರದರ್ಶನದ ದಿನ ಹಿರಿಯರು ಗರಿಗರಿ ಬಿಳಿ ನಿಲುವಂಗಿ ತೊಟ್ಟು ಹೆಂಡತಿಯೊಡನೆ ಬಂದಿದ್ದರು. ಪರದೆಯ ಮೇಲೆ ಬರೀ ಬಾಗಿಲು, ಗೋಡೆ, ಮತ್ತೆ ಬಾಗಿಲು. ಒಂದು ಕಡೆ ಮಾತ್ರ ಕೆತ್ತನೆಯ ಪಕ್ಕ ಒಂದು ಮೊಣಕೈ ಉಳಿದುಕೊಂಡಿತ್ತು.

"ಅದು ನನ್ನ ಉಮ್ಮಿ," ಎಂದರು ಹಿರಿಯರು ಗಟ್ಟಿಯಾಗಿ. ಯಾರೋ 'ಶ್' ಎಂದರು. ದಂಪತಿ ಎದ್ದು ಹೋದರು.

ಮರುದಿನ ರೀಲುಗಳನ್ನಾದರೂ ಹಿಂದಿರುಗಿಸೋಣವೆಂದು ಮ್ಯಾನೇಜರನ್ನು ಕೇಳಿದೆ.

"ನಾರ್ತಿತ್ತು. ಬಿಸಾಡ್ಸಿದೆ. ಕಾಪಿ ಉಂಟಲ್ಲ?"

ಅದುವರೆಗೆ ಸರ್ ಎನ್ನುತ್ತಿದ್ದವಳು, "ನಿನ್ನ ಅಮ್ಮನ ಫೋಟೊ ನಾರಿದ್ರೆ ಬಿಸಾಡ್ತೀಯಾ?" ಎಂದು ಇಡೀ ಸ್ಟುಡಿಯೊಗೆ ಕೇಳುವಂತೆ ಕಿರುಚಿದೆ. ಕಸದ ಗಾಡಿ ಆಗಲೇ ಹೋಗಿತ್ತು. ನಾನು ಇಳಿಸಿಕೊಂಡಿದ್ದ ಪೂರ್ತಿ ಟೇಪನ್ನು ಚೀಲಕ್ಕೆ ಹಾಕಿಕೊಂಡು ಆ ಕೆಲಸ ಬಿಟ್ಟು ಹೊರಬಂದೆ.

ಕೇರಿಯಿಂದ ಎಬ್ಬಿಸಿದ ಮೇಲೆ ಹಿರಿಯರ ಮನೆ ನಗರದಂಚಿನ ಮುಐದರ್‌ನಲ್ಲಿತ್ತು. ಶುಕ್ರವಾರ ಅಲ್ಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಹಳೇ ನೆರೆಯವರಿಗೆಲ್ಲ ಫೋನ್ ಮಾಡಿ ಕರೆಸಿದರು. ಟಿವಿಯಲ್ಲಿ ಬೀದಿ ಕಾಣಿಸಿದ್ದೇ ಹೆಂಗಸರು ಜಗಳಕ್ಕೇ ಬಿದ್ದರು: ಅದು ನಮ್ಮ ಮನೆ, ಅಲ್ಲ, ನಮ್ಮದು, ಅವಳು ಅಕ್ಕ, ಅಲ್ಲ, ತಂಗಿ. ಆ ಜಗಳವನ್ನು, ಆಮೇಲೆ ಅವರು ಹಾಡಿದ್ದನ್ನು ನಾನು ರೆಕಾರ್ಡ್ ಮಾಡಿ ಮೂಕ ಚಿತ್ರಕ್ಕೆ ಜೋಡಿಸಿದೆ. ಅದರ ಪ್ರತಿಗಳು ಮನೆಮನೆಗೆ ಹೋದವು.

ಹಿರಿಯರ ಹೆಂಡತಿ ಎಲ್ಲರಿಗೂ ಚಹಾ ಕೊಟ್ಟರು. ನನಗೆ ಕೊಡಲಿಲ್ಲ. ರೀಲುಗಳನ್ನು ನಂಬಿ ಕೊಟ್ಟದ್ದು ನನ್ನ ಕೈಗೆ; ನಾನು ಕಾಪಾಡಲಿಲ್ಲ. ಸರಿಯಾಗಿಯೇ ಮಾಡಿದರು.