ಲಕ್ಕಮ್ಮನ ಸೊಟ್ಟ ಮೊಳೆ

ರಾಜಘಟ್ಟದ ದಾರಿಯಲ್ಲಿ ಆದಿನಾರಾಯಣಪ್ಪನ ಮರಗೆಲಸದ ಶೆಡ್ಡಿದೆ. ಕೆಡವಿದ ಮನೆಗಳ ತೊಲೆ, ಕಂಬ, ಬಾಗಿಲುಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ, ಇನ್ನಾರದೋ ಮನೆಯ ಮಂಚವೋ ಮೆಟ್ಟಿಲೋ ಆಗಿ ಹೊರಡುತ್ತವೆ. ಹಳೇ ಮರವೆಂದರೆ ಅವನಿಗೆ ಪ್ರಾಣ. ಅದರೊಳಗಿನ ಮೊಳೆ ಕಂಡರೆ ಮಾತ್ರ ಮೈಯೆಲ್ಲ ಉರಿ. ಒಂದು ಮೊಳೆ ಕಣ್ತಪ್ಪಿ ಉಳಿದರೂ ಮೆಷೀನಿನ ಬ್ಲೇಡು ಹಾಳು. ಹಾಗಾಗಿ ಮರ ಬಂದ ದಿನವೇ ಮೊಳೆಗಳನ್ನೆಲ್ಲ ಕಿತ್ತು, ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕುತ್ತಾನೆ. ಸೊಟ್ಟಗಿರುವುದನ್ನು ಕಂಡರೆ ಅವನ ಕೈ ಸುಮ್ಮನಿರದು. ಮದುವೆಮನೆಯ ಪಂಕ್ತಿಯಲ್ಲೂ ಪಕ್ಕದವರ ಎಲೆ ನೇರ ಮಾಡಿಯೇ ಊಟಕ್ಕೆ ಕೈ ಹಾಕುವ ಆಸಾಮಿ.

ಊರಿನ ಕೆಂಪರಾಜ್ ಹಳೇ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ತಲೆಬಾಗಿಲಿಗೆ ಹಳೇ ಹಲಸಿನ ಚೌಕಟ್ಟೇ ಬೇಕೆಂದು ಅವನ ತಾಯಿ ಲಕ್ಕಮ್ಮ ಹಟ ಹಿಡಿದಳು. ಆದಿನಾರಾಯಣಪ್ಪ ಅದನ್ನು ಕೀಸಿ, ಗೆದ್ದಲು ತಿಂದ ಕಡೆ ಬೇರೆ ಹಲಸು ಸೇರಿಸಿ, ಮೊಳೆಯ ತೂತುಗಳನ್ನೆಲ್ಲ ಮುಚ್ಚಿ, ಎಣ್ಣೆ ಉಜ್ಜಿದ. ಬಾಗಿಲಿಡುವ ಶಾಸ್ತ್ರದ ಹಿಂದಿನ ದಿನ ಲಕ್ಕಮ್ಮ ನೋಡಲು ಬಂದಳು. ನೆಲದ ಮೇಲೆ ಮಲಗಿಸಿದ್ದ ಚೌಕಟ್ಟನ್ನು ಸವರುತ್ತ ಹೋದ ಅವಳ ಕೈ ಮೇಲಿನ ಪಟ್ಟಿಯ ಕೊನೆಯಲ್ಲಿ ನಿಂತುಬಿಟ್ಟಿತು.

"ಏನಪ್ಪಾ, ಇಲ್ಲಿದ್ದ ಸೊಟ್ಟ ಮೊಳೆ ಎಲ್ಲಿ?"

"ಎಲ್ಲಾ ಕಿತ್ತಾಕಿದೀನಿ ಅಮ್ಮಾ. ಹೆಂಗೆ ಮಿಂಚ್ತಾ ಐತೆ ನೋಡಿ."

ಅವಳ ಮುಖ ಸಪ್ಪಗಾಯಿತು. "ತೋರಣ ಕಟ್ಟೋ ಮೊಳೆ ಕಣಪ್ಪ ಅದು. ಮದ್ವೆಯಾದ ವರ್ಷ ಯುಗಾದಿಗೆ ನಮ್ಮ ಯಜಮಾನ್ರು ಹೊಡ್ದಿದ್ದು. ಸುತ್ತಿಗೆ ಜಾರಿ ಬೆರಳಿಗೆ ಬಿತ್ತು, ಮೊಳೆ ಸೊಟ್ಟಗಾಯ್ತು. ನಾನು ಒಳಗೋಗಿ ಹೊಟ್ಟೆ ಹಿಡ್ಕಂಡು ನಕ್ಕಿದ್ದೆ. ಅವ್ರು ಹೋದ್ಮೇಲೆ ಹಬ್ಬ ಬಂದಾಗೆಲ್ಲ ಅದನ್ನ ಒಂದ್ಸಲ ಮುಟ್ತಿದ್ದೆ. ಅದಕ್ಕೇ ಈ ಚೌಕಟ್ಟು ಬೇಕು ಅಂದಿದ್ದು."

ಆದಿನಾರಾಯಣಪ್ಪ ಶೆಡ್ಡಿನ ಹಿಂದಕ್ಕೆ ಹೋಗಿ ಡಬ್ಬ ಸುರುವಿದ. ಒಂದಾದರೂ ಸೊಟ್ಟಗಿದ್ದರೆ ಕೇಳಿ! ಯಾವುದನ್ನೋ ಒಂದನ್ನು ಬಗ್ಗಿಸಿ ಕೊಟ್ಟರೆ ಮುದುಕಿಗೆ ಗೊತ್ತಾಗುವುದೇನು ಎಂದುಕೊಂಡು ಸುತ್ತಿಗೆಯನ್ನೂ ಎತ್ತಿದ. ಅತ್ತ ಲಕ್ಕಮ್ಮ ಇನ್ನೂ ಆ ಜಾಗದ ಮೇಲೇ ಕೈಯಿಟ್ಟುಕೊಂಡು ನಿಂತಿದ್ದಳು. ಅವನಿಗೆ ಮನಸ್ಸಾಗಲಿಲ್ಲ. ಮೊಳೆಗಳನ್ನು ಮತ್ತೆ ಡಬ್ಬಕ್ಕೆ ಬಾಚಿ ತಂದು ಅವಳ ಮುಂದಿಟ್ಟ.

"ಇದ್ರೊಳಗೇ ಐತೆ ಅಮ್ಮಾ. ಆದ್ರೆ ಎಲ್ಲಾನೂ ನೆಟ್ಟಗೆ ಮಾಡ್ಬಿಟ್ಟಿದೀನಿ. ಯಾವ್ದು ಅಂತ ನಂಗೂ ಗೊತ್ತಿಲ್ಲ. ತಪ್ಪಾಯ್ತು."

ಲಕ್ಕಮ್ಮ ಡಬ್ಬದೊಳಗೆ ಬೆರಳಾಡಿಸಿದಳು. "ಅಷ್ಟು ವರ್ಷ ಬಾಳಿದ್ರೂ ಅವ್ರನ್ನ ನೆಟ್ಟಗೆ ಮಾಡಕ್ಕೆ ನನ್ ಕೈಲಾಗ್ಲಿಲ್ಲ, ನೀನು ಮಾಡ್ಬಿಟ್ಯಲ್ಲಪ್ಪಾ" ಎಂದು ನಗಲು ನೋಡಿದಳು, ಆಗಲಿಲ್ಲ. ಕೈಗೆ ಸಿಕ್ಕ ಮೊಳೆಯೊಂದನ್ನು ಆರಿಸಿ, "ಸುತ್ತಿಗೆ ಕೊಡಿಲ್ಲಿ" ಎಂದಳು.

ಮುಚ್ಚಿದ ತೂತಿನ ಪಕ್ಕದಲ್ಲೇ ಮೊಳೆಯಿಟ್ಟು ತಾನೇ ಹೊಡೆದಳು. ಹಳೇ ಹಲಸು ಸುಲಭಕ್ಕೆ ಬಗ್ಗುತ್ತದೆಯೇ? ಮೊಳೆಯೇ ಬಗ್ಗಿತು, ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ಲಕ್ಕಮ್ಮ ಬೆರಳನ್ನು ಬಾಯಿಗಿಟ್ಟುಕೊಂಡು ಅಲ್ಲೇ ಕುಸಿದು ಕೂತಳು. ಕಣ್ಣಲ್ಲಿ ಬಳಬಳ ನೀರು.

"ಇಷ್ಟು ನೋವಾಗುತ್ತೆ ಅಂತ ಗೊತ್ತಿರ್ಲಿಲ್ಲ ಕಣಪ್ಪಾ. ಪಾಪ, ಅವತ್ತು ನಾನು ನಕ್ಬಿಟ್ಟೆ."

ಆದಿನಾರಾಯಣಪ್ಪ ಚೊಂಬಿನಲ್ಲಿ ತಣ್ಣೀರು ತಂದು ಅವಳ ಬೆರಳನ್ನು ಅದ್ದಿಸಿದ. ಸೊಟ್ಟ ಮೊಳೆಯ ಕಡೆಗೆ ಹೋದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮರುದಿನದ ಮಾವಿನ ತೋರಣವನ್ನು ಅದಕ್ಕೇ ಕಟ್ಟಿದರು.