ಕಿತ್ತು ನೋಡುವ ಗೆಲ್ಲು

ಈಚೆಗೆ ಬೆಳಿಗ್ಗೆ ಚಾ ಲೋಟ ಬಾಯಿಯ ಹತ್ತಿರ ತಂದರೆ, ಚಾದ ಪರಿಮಳಕ್ಕಿಂತ ಮೊದಲು ನನ್ನ ಬೆರಳಿನ ವಾಸನೆ ಮೂಗಿಗೆ ಬಡಿಯುತ್ತದೆ. ಕರ್ಪೂರವೂ ಅಲ್ಲ, ಟರ್ಪೆಂಟೈನೂ ಅಲ್ಲ, ನಡುವಿನದೇನೋ. ಜುನಿಪರ್ ಗಿಡದ ಅಂಟು ಅದು. ಮುಖ ತೊಳೆಯುವ ಮೊದಲೇ ಕುಂಡಗಳ ಹತ್ತಿರ ಹೋಗಿ ಬಂದಿದ್ದೇನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜುನಿಪರ್ ನಮ್ಮ ಕಡೆಯದಲ್ಲ, ನೀವೂ ನೋಡಿರಲಿಕ್ಕಿಲ್ಲ. ಮುಳ್ಳುಮುಳ್ಳು ಎಲೆಯ, ಚಳಿ ಸೀಮೆಯ ಪೊದೆ. ಅಂಕೋಲೆಯಲ್ಲಿ ನನ್ನ ಅಕ್ಕನ ಅಂಗಳದಲ್ಲಿ ಒಂದಿತ್ತು; ಭಾವ ಊಟಿಯಿಂದ ತಂದು ನೆಟ್ಟದ್ದು. "ಈ ಸೆಕೆಗೆ ಅದು ಬದುಕ್ತದನಾ?" ಎಂದು ನಕ್ಕವರಲ್ಲಿ ನಾನೇ ಮುಂದೆ. ಭಾನುವಾರ ಬಂತೆಂದರೆ ಭಾವ ಕತ್ತರಿ ಹಿಡಿದು ಅದರ ಮುಂದೆ ಕೂರುತ್ತಿದ್ದರು. ಪೊದೆ ಬದುಕಿತು, ಭಾವ ತೀರಿಕೊಂಡರು. ಈ ವರ್ಷ ರಸ್ತೆ ಅಗಲ ಮಾಡುವಾಗ ಅಂಗಳದ ಪಾಗಾರದ ಗೋಡೆಯ ಜೊತೆ ಪೊದೆಯೂ ಹೋಗಬೇಕಾಯಿತು. ಯಂತ್ರ ಬರುವ ಮುಂಚೆ ಅಕ್ಕ ಫೋನು ಮಾಡಿ, "ತಮಾ, ಒಂದಾದ್ರೂ ಗಿಡ ಮಾಡಿ ಕೊಡೋ. ಅವ್ರು ನೆಟ್ಟದ್ದು ಅಂತ ಉಳ್ದದ್ದು ಅದೊಂದೇ" ಎಂದಳು.

ಹೋಗಿ, ಎಳೆಯ ಗೆಲ್ಲು-ಟೊಂಗೆಗಳನ್ನು ತೊಗಟೆಯ ಚೂರು ಅಂಟಿಬರುವಂತೆ ಸಿಗಿದು, ಕೆಳಗಿನ ಎಲೆ ಸವರಿ, ಚಿತ್ತಾಕುಲದ ನನ್ನ ಹಿತ್ತಲಲ್ಲಿ ಮರಳು ತುಂಬಿದ ಕುಂಡಗಳಿಗೆ ಊರಿದೆ. ಆಮೇಲಿನ ಕೆಲಸ ಸುಮ್ಮನಿರುವುದು. ಅದೊಂದೇ ನನ್ನಿಂದಾಗದ್ದು. ದಾಸವಾಳವಾದರೆ ಸತ್ತದ್ದನ್ನು ಬಾಡಿ ತಿಳಿಸುತ್ತದೆ. ಜುನಿಪರ್ ಸತ್ತು ಎಷ್ಟೋ ದಿನ ಹಸಿರಾಗಿಯೇ ನಿಂತಿರುತ್ತದೆ. ಬೇರು ಬಂತೋ ಎಂದು ಒಂದನ್ನು ಕಿತ್ತೆ. ಇಲ್ಲ. ಇನ್ನೊಂದನ್ನು ಕಿತ್ತೆ. "ನೀವು ಗಿಡ ಮಾಡ್ತಿದ್ರೋ, ಪೋಸ್ಟ್‌ಮಾರ್ಟಮ್ ಮಾಡ್ತಿದ್ರೋ?" ಎಂದಳು ಹೆಂಡತಿ. ಅರ್ಧಕ್ಕರ್ಧ ಹಾಗೇ ಹಾಳಾದವು. ಅಕ್ಕನಿಗೆ ಏನು ಮುಖ ತೋರಿಸಲಿ ಎಂದು ನಿಜಕ್ಕೂ ಹೆದರಿದೆ.

ಆಗ ಅವ್ವಿ ನೆನಪಾದಳು, ನಮ್ಮ ತಾಯಿ. ನಾವು ಸಣ್ಣವರಿದ್ದಾಗ ಮಂಜಗುಣಿಯ ಮನೆಯಲ್ಲಿ ಮಳೆ ಹಿಡಿದ ಕೂಡಲೇ ಅವಳು ಮಲ್ಲಿಗೆಯ ಗೆಲ್ಲು ಊರಿ, ಮೇಲೆ ಹೆಣೆದ ತೆಂಗಿನ ಗರಿ ಮುಚ್ಚುತ್ತಿದ್ದಳು. ಚಿಗುರು ಗರಿಯ ಸಂದಿನಿಂದ ಇಣುಕುವವರೆಗೆ ಯಾರೂ ಎತ್ತುವಂತಿಲ್ಲ. ನಾನು ಎತ್ತುತ್ತಿದ್ದೆ, ಕಿತ್ತು ನೋಡಿ ತಿರುಗಿ ಊರುತ್ತಿದ್ದೆ. ಅವ್ವಿ ಬೈಯಲಿಲ್ಲ. ಮರುವರ್ಷ ಗರಿಯ ಹೊರಗೆ ಒಂದು ಗೆಲ್ಲು ಊರಿ, "ತಮಾ, ಇದು ನಿಂದು. ಎಷ್ಟು ಸಲ ಬೇಕಾದ್ರೂ ಕಿತ್ತು ನೋಡು. ಒಳಗಿದ್ದವು ನನ್ನವು" ಎಂದಳು. ಅಕ್ಕ ಪಕ್ಕದಲ್ಲೇ ನಿಂತು ನಗುತ್ತಿದ್ದಳು. ನನ್ನದು ಒಣಗಿತು, ಒಳಗಿನವು ಹೂ ಬಿಟ್ಟವು.

ಹಾಗಾಗಿ ಉಳಿದ ಜುನಿಪರ್ ಗೆಲ್ಲುಗಳ ಮೇಲೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಕವುಚಿದೆ. ಒಂದನ್ನು ಮಾತ್ರ ನನ್ನ ಬೆರಳಿಗೆಂದು ಹೊರಗಿಟ್ಟೆ. ದಿನಾ ಬೆಳಿಗ್ಗೆ ಕೀಳುವುದು ಅದನ್ನೇ.

ನಿನ್ನೆ ಅಕ್ಕ ಬಂದಳು. ಬಂದವಳು ಚಪ್ಪಲಿಯಲ್ಲೇ ಹಿತ್ತಲಿಗೆ ನಡೆದಳು.

"ಬೇರು ಬಂತನಾ?"

"ಗೊತ್ತಿಲ್ಲ, ಅಕ್ಕ."

ಅವಳ ಕೈ ಬಾಟಲಿಯತ್ತ ಹೋಯಿತು. ನಾನು ಆ ಕೈ ಹಿಡಿದು ಹೊರಗಿನ ಗೆಲ್ಲಿನ ಮೇಲಿಟ್ಟೆ. "ಇದು ನಿಂದು. ಕಿತ್ತು ನೋಡು."

ಅವ್ವಿಯ ಮಾತು ಅವಳಿಗೂ ನೆನಪಾಗಿರಬೇಕು, ನಕ್ಕಳು. ಕಿತ್ತಳು. ಬೇರಿರಲಿಲ್ಲ. ತಿರುಗಿ ಊರಿ, ಹೆಬ್ಬೆರಳಿಂದ ಮರಳು ಒತ್ತಿ, ಬೆರಳನ್ನು ಮೂಗಿಗೆ ಹಿಡಿದಳು. ತುಂಬಾ ಹೊತ್ತು ಹಿಡಿದೇ ಇದ್ದಳು.

"ಭಾನುವಾರ ಅವ್ರ ಅಂಗಿ ಹಿಂಗೇ ನಾತ ಹೊಡೀತಿತ್ತು ಮಾರಾಯಾ" ಎಂದಳು.

ಬಾಟಲಿಯನ್ನು ಮತ್ತೆ ಅವಳು ಮುಟ್ಟಲಿಲ್ಲ. ಊಟಕ್ಕೆ ಕರೆದಾಗ ಕೈಯನ್ನೂ ತೊಳೆಯಲಿಲ್ಲ. ಮೀನುಸಾರು ಅನ್ನಕ್ಕೆ ಚಮಚ ಕೇಳಿದಳು.