ರಂಗದ ಮೇಲೆ ಒಡೆದ ಬಳೆ

ಸಂಜೆ ಏಳಕ್ಕೆ ಆಡೂರಿನ ನಮ್ಮ ಅಣ್ಣನ ಮನೆಗೆ ಹೋದರೆ ಯಾರೂ ನಿಮ್ಮನ್ನು ಕೂಡ್ರಿ ಅನ್ನುವುದಿಲ್ಲ. ಎಲ್ಲರ ಕಣ್ಣೂ ಟಿವಿಯ ಮೇಲೆ. ಅಲ್ಲೊಬ್ಬ ಸೊಸೆ ಒಂದೂವರೆ ವರ್ಷದಿಂದ ಅಳುತ್ತಿದ್ದಾಳೆ. ಅಷ್ಟರಲ್ಲಿ ಅವಳ ಗಂಡ ಎರಡು ಸಲ ಸತ್ತು ಎರಡು ಸಲ ತಿರುಗಿ ಬಂದ, ಎರಡನೆಯ ಸಲ ಬೇರೆ ನಟನ ಮುಖ ಹೊತ್ತುಕೊಂಡು. ನಮ್ಮ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, ಪಾಪ, ಅಕಿ ಹಣೇಬರಹ ಅನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಹಣೆಬರಹ, ಯಾರು ಬರೆದದ್ದು? ಮೊದಲ ವಾರವೇ ಆಕೆ ಗಂಡನ ಎದುರು ನಿಂತು, ನಿಮ್ಮ ತಾಯಿ ಹೇಳಿದ್ದು ಸುಳ್ಳು ಅಂತ ಒಂದು ಮಾತು ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಬಾಯಿ ಬಿಡುವುದಿಲ್ಲ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾಳೆ, ಆಮೇಲೆ ದೇವರ ಜಗಲಿಯ ಮುಂದೆ ಕಣ್ಣೀರು ಸುರಿಸುತ್ತಾಳೆ. ಅದನ್ನು ನೋಡಿ ನಮ್ಮ ತಾಲೂಕಿನ ಅರ್ಧ ಹೆಂಗಸರು ಅಳುತ್ತಾರೆ.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹಳೆಯ ದುರಂತ ನಾಟಕಗಳ ಮಾತು ಬಂದರೆ ನನಗೆ ಪುಸ್ತಕ ಬೇಕಾಗುವುದಿಲ್ಲ. ಅಲ್ಲಿಯೂ ಜೋಯಿಸರಿದ್ದಾರೆ, ಶಾಪಗಳಿವೆ, ಆಕಾಶವಾಣಿಯಿದೆ. ಆದರೆ ಕೇಡು ಮನೆಯೊಳಗೆ ನಡೆದು ಬರುವುದು ನಾಯಕನ ಕಾಲಿನಿಂದಲೇ. ಒಬ್ಬನಿಗೆ ಸಿಟ್ಟು, ಒಬ್ಬನಿಗೆ ಸಂಶಯ, ಇನ್ನೊಬ್ಬನಿಗೆ ಹೊಗಳಿಸಿಕೊಳ್ಳುವ ಚಟ. ಅವನವನ ಗುಣವೇ ಅವನ ಗತಿ ಎಂದು ನಾನು ಎಷ್ಟು ಜೋರಾಗಿ ಹೇಳುತ್ತೇನೆಂದರೆ ಪಕ್ಕದ ತರಗತಿಯ ಗಣಿತದ ಮಾಸ್ತರರು ಎದ್ದು ಬಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಈ ಜೋರಿಗೆ ಕಾರಣವಿದೆ. ನನ್ನ ಗಂಡ ತೀರಿಕೊಂಡಾಗ ನನಗೆ ಮೂವತ್ತೆರಡು. ನಾಲ್ಕು ದಿನ ಎದೆ ಹಿಡಿದುಕೊಂಡು ಗ್ಯಾಸ್ ಗ್ಯಾಸ್ ಅನ್ನುತ್ತಿದ್ದರು. ದವಾಖಾನೆಗೆ ನಡೆಯಿರಿ ಅಂದರೆ ನನ್ನನ್ನೇ ಗದರಿಸಿದರು. ಮನೆಯ ಹಿರಿಯರೂ ಓಮಿನ ಕಾಳು ತಿನ್ನಿಸಿ ಸುಮ್ಮನಾದರು. ಐದನೆಯ ದಿನ ಓಣಿಯ ಹೆಂಗಸರು ನನ್ನನ್ನು ನಡುಮನೆಯಲ್ಲಿ ಕೂಡಿಸಿ ಬಳೆ ಒಡೆದರು. ಒಡೆಯುವಾಗ ಎಲ್ಲರ ಬಾಯಲ್ಲೂ ಅದೇ ಮಾತು, ಹಣೇಬರಹ ತಂಗಿ, ಏನ ಮಾಡೂದು. ಅಂದಿನಿಂದ ಆ ಶಬ್ದ ಕೇಳಿದರೆ ನನಗೆ ಆಗಿಬರುವುದಿಲ್ಲ.

ಅಣ್ಣನ ಮಗಳು ಶಿಗ್ಗಾಂವಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಕಾಲೇಜಿನ ಗ್ಯಾದರಿಂಗಿಗೆ ಒಂದು ನಾಟಕ ಬೇಕು, ನೀನೇ ಬರೆದುಕೊಡು ಎಂದು ದುಂಬಾಲು ಬಿದ್ದಳು. ಬರೆದೆ. ತನ್ನ ತಪ್ಪನ್ನು ಒಪ್ಪಿಕೊಳ್ಳಲಾರದ ಒಬ್ಬ ದೇಸಾಯಿಯ ಕತೆ. ತಪ್ಪಾಯಿತು ಎಂಬ ಒಂದು ಮಾತನ್ನು ಆಡಲಾರದೆ ಅಣ್ಣತಮ್ಮಂದಿರನ್ನು, ವಾಡೆಯನ್ನು, ಕಡೆಗೆ ಜೀವವನ್ನೇ ಕಳೆದುಕೊಳ್ಳುತ್ತಾನೆ. ಕೊನೆಯ ದೃಶ್ಯದಲ್ಲಿ ಅವನ ಹೆಂಡತಿ ಹೆಣದ ಪಕ್ಕ ಕೂತು, ಯಾರಿಗೂ ಕೈ ಹಚ್ಚಗೊಡದೆ, ತನ್ನ ಬಳೆ ತಾನೇ ಒಡೆದುಕೊಳ್ಳುತ್ತಾಳೆ. ಆ ಪಾತ್ರ ನಮ್ಮ ಹುಡುಗಿಯದು.

ಪರದೆ, ಪೋಷಾಕು, ಗಡ್ಡ-ಮೀಸೆ ತಂದವರು ಹಿರೇಕೆರೂರಿನ ಒಬ್ಬ ಹಿರಿಯರು. ಬಣ್ಣ ಹಚ್ಚುವವರೂ ಅವರೇ. ನಾಟಕ ಕಂಪನಿಗಳಲ್ಲಿ ಕೂದಲು ಬೆಳ್ಳಗಾದ ಮನುಷ್ಯ. ಕೊನೆಯ ದೃಶ್ಯದ ಸುದ್ದಿ ತಿಳಿದದ್ದೇ ನನ್ನನ್ನು ಬದಿಗೆ ಕರೆದರು. ಕಂಪನಿಯ ನಟಿಯರು ಇಂಥ ದೃಶ್ಯಕ್ಕೆ ಹೋಗುವ ಮೊದಲು ಒಂದು ಹಸಿರು ಬಳೆಯನ್ನು ಮೊಳಕೈ ಮೇಲೆ ಏರಿಸಿ ಕುಪ್ಪಸದ ತೋಳಿನಲ್ಲಿ ಮುಚ್ಚಿಕೊಳ್ಳುತ್ತಾರಂತೆ. ತುರುಬಿನ ಕೆಳಗೆ ಒಂದು ಬೊಟ್ಟು ಕುಂಕುಮ ಇಟ್ಟುಕೊಳ್ಳುತ್ತಾರಂತೆ. ನೋಡುವವರಿಗೆ ಎಲ್ಲ ಹೋದಂತೆ ಕಾಣಬೇಕು, ಆದರೆ ಎಲ್ಲ ಹೋಗಿರಬಾರದು.

"ಹುಡುಗಿದು ಇನ್ನಾ ಮದುವಿ ಆಗಿಲ್ರಿ ಅಕ್ಕಾರ," ಎಂದರು. "ಒಂದ ಬಳಿ ಏರಿಸಿ ಬಿಡ್ರಿ. ನಿಮ್ಮದೇನ ಹೋಗತೈತಿ?"

ನಾನು ಎಲ್ಲ ಹುಡುಗರಿಗೂ ಕೇಳುವ ಹಾಗೆ ನಕ್ಕುಬಿಟ್ಟೆ. ನಾಟಕ ನಾಟಕವೇ, ನಮ್ಮ ಹುಡುಗಿ ಒಂದೂ ಬಳೆ ಬಚ್ಚಿಡುವುದಿಲ್ಲ ಅಂದೆ. ಆ ಹಿರಿಯರು ಮುಖ ಸಣ್ಣ ಮಾಡಿಕೊಂಡು ಬಣ್ಣದ ಪೆಟ್ಟಿಗೆಗೆ ತಿರುಗಿದರು. ದೃಶ್ಯ ಮಾತ್ರ, ಏನು ಹೇಳಲಿ! ಒಂದೊಂದೇ ಬಳೆ ಚಟ್ ಚಟ್ ಎನ್ನುವಾಗ ಇಡೀ ಸಭಾಂಗಣ ಉಸಿರು ಹಿಡಿದಿತ್ತು. ನಾನು ಪರದೆಯ ಸಂದಿಯಲ್ಲಿ ನಿಂತು ಗಳಗಳ ಅತ್ತೆ. ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದರು, ಒಂದು ವಾರದಲ್ಲಿ ಅದು ಎಲ್ಲರ ಮೊಬೈಲಿಗೂ ಬಂತು.

ಅದೇ ಕಾಲೇಜಿನಲ್ಲಿ ಸವಣೂರಿನ ಒಬ್ಬ ಹುಡುಗ ಅವಳ ಜೊತೆಗೇ ಓದುತ್ತಿದ್ದ. ಎರಡು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಜಾತಿ, ಜಾತಕ ಎಲ್ಲ ಕೂಡಿ ಬಂದು ಎರಡೂ ಮನೆಯವರು ಹೂಂ ಅಂದಿದ್ದರು. ಇಷ್ಟು ಸರಳವಾಗಿ ಆಗುವ ಮದುವೆ ನಮ್ಮ ಕಡೆ ಅಪರೂಪ. ಹುಡುಗಿ ಒಳಗೊಳಗೇ ಹಾಡಿಕೊಂಡು ಓಡಾಡುತ್ತಿದ್ದಳು. ಮಾತು ಗಟ್ಟಿ ಮಾಡಲು ಒಂದು ರವಿವಾರ ಹುಡುಗ, ಅವನ ತಾಯಿ ಮತ್ತು ಸೋದರಮಾವ ಆಡೂರಿಗೆ ಬಂದರು.

ಅವಲಕ್ಕಿ ತಿಂದದ್ದಾಯಿತು, ಚಹಾ ಬಂತು. ಆಗ ಆ ತಾಯಿ ಮೊಬೈಲ್ ತೆಗೆದು ಆ ದೃಶ್ಯವನ್ನು ನಮ್ಮ ಅಣ್ಣನ ಮುಂದೆ ಹಿಡಿದರು. ಮದುವೆಯಾಗದ ಹುಡುಗಿ ನೂರಾರು ಮಂದಿಯ ಎದುರು ಗಂಡ ಸತ್ತ ರಂಡಿಯಾದಳಲ್ಲ, ಈ ದೋಷ ನನ್ನ ಮಗನ ತಲೆಯ ಮೇಲೆ ಬರುವುದಿಲ್ಲವೇ ಎಂದು ಕೇಳಿದರು. ಪರಿಹಾರವನ್ನೂ ಅವರೇ ಜೋಯಿಸರನ್ನು ಕೇಳಿಕೊಂಡು ಬಂದಿದ್ದರು. ಅದೇ ರಂಗದ ಮೇಲೆ ಐದು ಮಂದಿ ಮುತ್ತೈದೆಯರು ಇವಳಿಗೆ ಹಸಿರು ಬಳೆ ಇಡಿಸಿ ಉಡಿ ತುಂಬಬೇಕು. ಅದನ್ನೂ ವಿಡಿಯೊ ಮಾಡಿ, ಮೊದಲಿನದು ಯಾರು ಯಾರಿಗೆ ಹೋಗಿದೆಯೋ ಅವರಿಗೆಲ್ಲ ಕಳಿಸಬೇಕು. ಇನ್ನೊಂದು, ಇನ್ನುಮುಂದೆ ಅವಳು ಬಣ್ಣ ಹಚ್ಚುವ ಹಾಗಿಲ್ಲ.

ನಾನು ಮೊದಮೊದಲು ಸಮಾಧಾನದಿಂದಲೇ ಕೇಳಿದೆ. ನೀವು ಸೀರಿಯಲ್ ನೋಡುವುದಿಲ್ಲವೇ, ಅಲ್ಲಿ ಆ ನಟಿ ಎರಡು ಸಲ ಕುಂಕುಮ ಅಳಿಸಿಕೊಂಡಳು, ಅವಳ ನಿಜವಾದ ಗಂಡ ಮನೆಯಲ್ಲಿ ಸುಖವಾಗಿಲ್ಲವೇ ಅಂದೆ. ಅದು ಸೀರಿಯಲ್, ಆಕೆ ಅದಕ್ಕೆಂದೇ ಇರುವವಳು, ಈಕೆ ನಮ್ಮ ಸೊಸೆಯಾಗುವವಳು ಅಂದರು. ದಿನಾ ಸಂಜೆ ಆಕೆಗಾಗಿ ಅತ್ತು ಎದ್ದು ಬರುವ ಹೆಂಗಸು ಇದು! ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಅಣ್ಣನ ಕಡೆ ತಿರುಗಿದರು.

"ನಾಟಕಾ ಬರದವರ ಕೈಗುಣ ನೋಡ್ರಿ. ತಾವ ಹೆಂಗದಾರೊ ಹಂಗ ಹುಡುಗಿನ್ನೂ ಮಾಡಿ ಕುಂದರಿಸ್ಯಾರ."

ನಾನು ಎದ್ದು ನಿಂತೆ.

"ಬಳಿ ಒಡದ್ರ ಸಾಯೋವಂಥಾ ಗಂಡಸು ನಮಗ ಬ್ಯಾಡ. ಏಳ್ರಿ," ಎಂದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಅವರ ಮನೆತನ, ಅವರ ಬುದ್ಧಿ, ಅವರ ಮಗನ ಆಯುಷ್ಯ, ಯಾವುದನ್ನೂ ಬಿಡಲಿಲ್ಲ. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಅವರು ಹೋದರು.

ಎರಡು ದಿನ ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ. ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ, ಎಲ್ಲರೂ ಚಲೋ ಮಾಡಿದಿರಿ ಅಂದರು. ಅಣ್ಣ ಮಾತ್ರ ಫೋನಿನಲ್ಲಿ, ಆಕಿ ಹಣೇಬರಹದಾಗ ಇದ್ದಿದ್ದಿಲ್ಲ ಬಿಡು ಅಂದ. ಅವನ ಮೇಲೂ ಹರಿಹಾಯ್ದೆ. ಮೂರನೆಯ ದಿನ ಅತ್ತಿಗೆ ಫೋನ್ ಮಾಡಿ, ಹುಡುಗಿ ಅನ್ನ ಮುಟ್ಟುತ್ತಿಲ್ಲ ಎಂದಳು. ಹೋಗಿ ನೋಡಿದೆ. ಮುಖ ಬಾಡಿ, ಕಣ್ಣು ಒಳಗೆ ಹೋಗಿದ್ದವು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಮುರಿದದ್ದು ಯಾರ ಮದುವೆ? ನನ್ನದಲ್ಲ. ಸಿಟ್ಟು ನನ್ನದು, ಗಾಯ ನನ್ನದು, ತೀರಿಸಿಕೊಂಡದ್ದು ಅವಳ ಬಾಳಿನ ಮೇಲೆ. ನನ್ನ ದೇಸಾಯಿಗೆ ಬರೆದ ಮಾತುಗಳನ್ನು ನನ್ನ ಮುಖಕ್ಕೇ ಯಾರಾದರೂ ಓದಿ ಹೇಳಿದ್ದರೂ ನಾನು ಆ ರವಿವಾರ ಕೇಳುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಸವಣೂರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡೆ, ಮಕ್ಕಳು ಪದ್ಯ ಬಾಯಿಪಾಠ ಮಾಡುವ ಹಾಗೆ. ಆ ತಾಯಿ ಬಾಗಿಲು ತೆರೆದರು, ಒಳಗೆ ಕರೆದು ಕೂಡಿಸಿ ನೀರು ಕೊಟ್ಟರು. ಕೆಟ್ಟ ಹೆಂಗಸಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

"ನಂದು ತಪ್ಪಾತ್ರಿ," ಎಂದೆ.

ಆಕೆ ಕಣ್ಣು ಒರೆಸಿಕೊಂಡರು. ಇರುವವನು ಒಬ್ಬನೇ ಮಗ, ಅಂಜಿಕೆ ಅಂದರು. ಆಮೇಲೆ ಅವೇ ಎರಡು ಷರತ್ತು ಮತ್ತೆ ಹೇಳಿದರು. ಬಳೆ ಇಡಿಸುವುದಕ್ಕೆ ಒಪ್ಪಿದೆ. ಬಣ್ಣ ಹಚ್ಚಬಾರದು ಅನ್ನುವುದಕ್ಕೆ ಒಂದಿಷ್ಟು ವಾದ ಮಾಡಿದೆ, ಕಡೆಗೆ ಅದಕ್ಕೂ ಗೋಣು ಹಾಕಿದೆ. ನನ್ನ ಮೈಯಲ್ಲಿ ಸಿಟ್ಟು ಕೊತಕೊತ ಕುದಿಯುತ್ತಿತ್ತು, ಆದರೂ ಹಲ್ಲು ಕಚ್ಚಿ ಕೂತೆ. ಹೊರಡುವಾಗ ಆಕೆ ರೂಢಿಯಂತೆ ಕುಂಕುಮದ ಭರಣಿಗೆ ಕೈ ಹಾಕಿ, ನನ್ನ ಹಣೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಅದನ್ನೂ ನುಂಗಿಕೊಂಡೆ.

ಅಲ್ಲಿಂದ ನೇರ ಆಡೂರಿಗೆ ಹೋಗಿ ಹುಡುಗಿಯನ್ನು ಕೂಡಿಸಿಕೊಂಡು, ಎಲ್ಲ ಸರಿ ಮಾಡಿ ಬಂದೆ ಅಂದೆ. ಷರತ್ತುಗಳನ್ನೂ ಹೇಳಿದೆ, ಬಣ್ಣದ ಮಾತನ್ನು ಆದಷ್ಟು ಸಣ್ಣ ಮಾಡಿ. ಅವಳು ನಗುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಕೇಳಿದ್ದು ಬೇರೆ. ಅವನು ಮನೆಯಲ್ಲಿದ್ದನೇ ಎಂದಳು. ಇದ್ದ, ಬಾಗಿಲ ಬದಿಯ ಕುರ್ಚಿಯಲ್ಲಿ ಕೂತಿದ್ದ ಅಂದೆ. ಏನಂದ ಎಂದಳು.

ನೆನಪು ಮಾಡಿಕೊಂಡೆ. ಅವನು ಏನೂ ಅಂದಿರಲಿಲ್ಲ. ಆ ರವಿವಾರ ನಮ್ಮ ಮನೆಯಲ್ಲಿ ಏನಂದಿದ್ದ? ಅಂದೂ ಏನೂ ಇಲ್ಲ. ನಾನೂ ಅವನ ತಾಯಿಯೂ ಕಿತ್ತಾಡುವಾಗ ಚಹಾದ ಕಪ್ಪು ನೋಡುತ್ತ ಕೂತಿದ್ದ. ನನ್ನ ಸಿಟ್ಟಿನ ಭರದಲ್ಲಿ ಆ ಮನುಷ್ಯನನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ತಾಯಿಯ ಎದುರು ಹೇಗೆ ಮಾತಾಡುತ್ತಾನೆ, ನಾಚಿಕೆ ಸ್ವಭಾವ ಇರಬೇಕು ಎಂದು ಏನೇನೋ ತೇಪೆ ಹಚ್ಚತೊಡಗಿದೆ.

"ಅತ್ತಿ, ಆ ವಿಡಿಯೊ ತಗದಾವನ ಅಂವ," ಎಂದಳು. "ಮುಂದಿನ ಸಾಲಿನ್ಯಾಗ ಕುಂತು ತಗದಿದ್ದ. ಊರ ಮಂದಿಗೆಲ್ಲ ಕಳಿಸಿದಾವನೂ ಅಂವನ."

ಅವಳು ಎದ್ದು ಮೊಬೈಲ್ ತಂದು ನನ್ನ ಎದುರೇ ಸ್ಪೀಕರ್ ಹಾಕಿ ಅವನಿಗೆ ಫೋನ್ ಹಚ್ಚಿದಳು. ಅಣ್ಣ ಅತ್ತಿಗೆ ಇಬ್ಬರೂ ಬಂದು ನಿಂತರು. ಅವಳ ಮಾತು ಸ್ಪಷ್ಟವಾಗಿತ್ತು.

"ವಿಡಿಯೊ ತಗದಾವ ನೀನ. ಭಾಳ ಚೊಲೊ ಮಾಡಿದಿ, ಇನ್ನೂ ಮಾಡು ಅಂದಾವನೂ ನೀನ. ಇಷ್ಟ ನಿಮ್ಮವ್ವನ ಮುಂದ ಹೇಳ್ತಿಯೇನು? ಉಳದದ್ದು ನಾ ನೋಡ್ಕೋತೇನಿ."

ಅವಳು ಕಾಯುತ್ತಿದ್ದಳು. ಅವನು ಹೂಂ ಅನ್ನಲಿ ಎಂದು ಅವಳ ಇಡೀ ಮುಖ ಬೇಡುತ್ತಿದ್ದುದನ್ನು ನಾನು ನೋಡಿದೆ.

"ಅವ್ವನ್ನ ಕೇಳಿ ಹೇಳ್ತೇನಿ," ಅಂದ.

"ಇನ್ನ ಕೇಳೂದ ಬ್ಯಾಡ ಬಿಡು," ಎಂದು ಅವಳು ಫೋನ್ ಇಟ್ಟಳು. ಅಡಿಗೆಮನೆಗೆ ಹೋಗಿ ತಾಟು ತಂದುಕೊಂಡು, ನಾಲ್ಕು ದಿನದ ಮೇಲೆ ಮೊದಲ ಸಲ ಊಟಕ್ಕೆ ಕೂತಳು.